ನಲವತ್ತೊಂದನೇ ತಿರುವು

ಹೊಸ ವರ್ಷದ ರಜೆ ಮುಗಿದು ಕಾರ್ಖಾನೆ ತೆರೆಯುವ ದಿನ ಯಂತ್ರ ನಿಲ್ಲಬಾರದು. ಬೇರೆ ಯಾವ ದಿನ ಬೇಕಾದರೂ ನಿಲ್ಲಲಿ, ಎಣ್ಣೆ ಬಿಟ್ಟು, ನಾಲ್ಕು ಬೈದು, ಮತ್ತೆ ಓಡಿಸುತ್ತಾರೆ. ಆ ಒಂದು ದಿನ ನಿಂತರೆ ವರ್ಷವಿಡೀ ನಿಂತ ಹಾಗೆ ಎಂದು ನಮ್ಮೂರು ಶೆತೌನಲ್ಲಿ ಕಾಲುಚೀಲ ಹೆಣೆಯುವವರೆಲ್ಲ ನಂಬುತ್ತಾರೆ. ಶೆತೌನಲ್ಲಿ ಕಾಲುಚೀಲ ಹೆಣೆಯದವರಾದರೂ ಯಾರಿದ್ದಾರೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಮೂವತ್ತು ವರ್ಷದಿಂದ ಆ ದಿನ ಬೆಳಿಗ್ಗೆ ನನಗೆ ಗಂಜಿ ಇಳಿಯುವುದಿಲ್ಲ.

ಈ ವರ್ಷ ನಿಂತವು. ಒಂದೆರಡಲ್ಲ, ಎಂಬತ್ತಾರಕ್ಕೆ ಎಂಬತ್ತಾರೂ.

ಪೂಜೆಯೇನೋ ಸಾಂಗವಾಗಿಯೇ ಆಗಿತ್ತು. ಗೇಟಿನ ಮುಂದೆ ಮೇಜು ಹಾಕಿ ಭೂಮಿ ಕಾಯುವ ದೇವರಿಗೆ ಅನಾನಸು, ಕಿತ್ತಳೆ, ಬೇಯಿಸಿದ ಕೋಳಿ ಇಟ್ಟಿದ್ದರು. ಹಿರಿಯ ಯಜಮಾನಿ, ಎಂಬತ್ತೆರಡರ ಮುದುಕಿ, ಊದುಬತ್ತಿ ಹಿಡಿದು ತುಟಿ ಅಲ್ಲಾಡಿಸುತ್ತ ಎಷ್ಟು ಹೊತ್ತು ನಿಂತರೆಂದರೆ ನನ್ನ ಮಂಡಿ ನೋಯತೊಡಗಿತು. ಆಮೇಲೆ ಅವರ ಮಗ ಶ್ಯಾವ್ ಜಿಂಗ್-ಯಾವ್ ಪಟಾಕಿ ಸರಕ್ಕೆ ಬೆಂಕಿ ಇಟ್ಟ. ಈಗ ಕಾರ್ಖಾನೆ ನಡೆಸುವವನು ಅವನೇ. ಶಾಲೆಯ ಚಡ್ಡಿಯಲ್ಲಿದ್ದಾಗಿನಿಂದ ನೋಡಿದ್ದೇನೆ, ಹಾಗಾಗಿ ಎದುರಿಗೆ ಯಜಮಾನರು, ಮನಸ್ಸಿನಲ್ಲಿ ಏಕವಚನ. ಹೊಗೆ ಆರುವ ಮುಂಚೆಯೇ ಒಳಗೆ ಬಂದು ಮುಖ್ಯ ಸ್ವಿಚ್ ಒತ್ತಿದ. ಯಂತ್ರಗಳೆಲ್ಲ ಒಮ್ಮೆ ಗುಂಯ್ ಅಂದವು. ಅಷ್ಟೇ. ಒಂದೊಂದರ ತಲೆಯ ಮೇಲೂ ಕೆಂಪು ದೀಪ ಹತ್ತಿಕೊಂಡಿತು. ಪರದೆಗಳ ಮೇಲೆಲ್ಲ ಒಂದೇ ಮಾತು: ನಮೂನೆ ಸಿಗುತ್ತಿಲ್ಲ.

ನಮೂನೆ ಒದಗಿಸುವುದು ನನ್ನ ಕೆಲಸ. ನನ್ನ ಹೆಸರು ಚಿಯೆನ್ ಸು-ಲಿಯೆನ್, ವಯಸ್ಸು ಐವತ್ತೇಳು, ನಿವೃತ್ತಿಗೆ ಇನ್ನೈದು ತಿಂಗಳು. ಯಾವ ಕಾಲುಚೀಲಕ್ಕೆ ಎಷ್ಟು ಸುತ್ತು, ಎಲ್ಲಿ ಹಿಮ್ಮಡಿ, ಎಲ್ಲಿ ಪಟ್ಟೆ ಎಂಬುದೆಲ್ಲ ಬರೆದಿರುವ ಫೈಲುಗಳು ಒಂದು ಸರ್ವರಿನಲ್ಲಿವೆ, ಅದನ್ನು ನೋಡಿಕೊಳ್ಳುವವಳು ನಾನು. ಸಾಮಾನ್ಯ ದಿನಗಳಲ್ಲಿ ಯಂತ್ರಗಳು ನಿನ್ನೆಯ ನಮೂನೆಯನ್ನೇ ನೆನಪಿಟ್ಟುಕೊಂಡು ಹೆಣೆಯುತ್ತಿರುತ್ತವೆ. ರಜೆಯಲ್ಲಿ ವಿದ್ಯುತ್ ಪೂರ್ತಿ ತೆಗೆಯುವುದರಿಂದ ತೆರೆಯುವ ದಿನ ಎಲ್ಲವೂ ಮರೆತು ಎದ್ದು ಒಟ್ಟಿಗೇ ಸರ್ವರಿನ ಹತ್ತಿರ ಬಂದು ಕೇಳುತ್ತವೆ.

ನನ್ನ ಪಕ್ಕದ ಕುರ್ಚಿಯಲ್ಲಿ ಯೂ ಪಿನ್-ರುಯ್ ಕೂತಿರುತ್ತಾಳೆ. ಮೂವತ್ತು ತುಂಬುತ್ತಿದೆ. ಅದರಲ್ಲಿ ಹತ್ತು ವರ್ಷ ಇದೇ ಕಾರ್ಖಾನೆಯಲ್ಲಿ ಕಾಲುಚೀಲದ ಬೆರಳ ತುದಿ ಹೊಲಿಯುವ ಸಾಲಿನಲ್ಲಿ ಸವೆದಿವೆ. ಒಂದೊಂದು ಕುಣಿಕೆಯನ್ನೂ ಬೆರಳಿನಿಂದ ಎತ್ತಿ ಒಂದೊಂದು ಸೂಜಿಗೆ ಸಿಕ್ಕಿಸುವ ಕೆಲಸ, ಒಂದು ಕಾಲಿಗೆ ನೂರೆಂಬತ್ತು ಕುಣಿಕೆ. ಬಲ ಮಣಿಕಟ್ಟು ಹೋಯಿತು. ಇನ್ನು ಆ ಸಾಲಿನಲ್ಲಿ ಕೂತರೆ ಕೈಯೇ ಮಡಚಲಾರದು ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಹುಡುಗಿ ಸಂಜೆ ಕಾಲೇಜಿಗೆ ಹೋಗಿ ಕಂಪ್ಯೂಟರ್ ಕಲಿತಿದ್ದಳು. ನಾನೇ ಯಜಮಾನನಿಗೆ ದುಂಬಾಲು ಬಿದ್ದು ನನ್ನ ಜಾಗಕ್ಕೆ ತಯಾರು ಮಾಡುತ್ತೇನೆಂದು ಮೇಲೆ ಕರೆತಂದೆ. ಮೂರು ತಿಂಗಳು ಪರೀಕ್ಷೆಗೆ ಎಂದಿದ್ದ. ಆ ಮೂರು ತಿಂಗಳು ಮುಗಿಯುವುದು ಅದೇ ವಾರ. ಪಾಸಾದರೆ ನನ್ನ ಕುರ್ಚಿ, ಇಲ್ಲದಿದ್ದರೆ ಮತ್ತೆ ಸೂಜಿಯ ಸಾಲು.

ಆ ಬೆಳಿಗ್ಗೆ, ಒಳ್ಳೆಯ ಗಳಿಗೆ ನೋಡಿ, ಹೊಸ ವರ್ಷದ ಫೋಲ್ಡರನ್ನು ಸರ್ವರಿನಲ್ಲಿ ತೆರೆದವಳು ಅವಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಕೆಲಸ ನನ್ನ ಕೈಯಿಂದಲ್ಲದೆ ಬೇರೆ ಕೈಯಿಂದ ಆಗಿತ್ತು. ನಾನೇ ಮಾಡು ಎಂದಿದ್ದೆ, ಇನ್ನು ಮುಂದೆ ನಿನ್ನದೇ ಅಲ್ಲವೇ ಎಂದು.

ಇಷ್ಟು ಸಾಕಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೆಂಪು ದೀಪ ಹತ್ತಿ ಐದು ನಿಮಿಷವಾಗಿರಲಿಲ್ಲ, ಪಿನ್-ರುಯ್ ಏನೋ ಮುಟ್ಟಿದಳಂತೆ ಎಂಬ ಸುದ್ದಿ ಪ್ಯಾಕಿಂಗ್ ವಿಭಾಗದ ತನಕ ಹೋಗಿತ್ತು. ಸರ್ವರ್ ಹೇಳಿದ ಮಾತು ಕೇಳಲಿ ಎಂದು ಅದರ ತಲೆಯ ಮೇಲೆ ಹಸಿರು ಪೊಟ್ಟಣದ ಜೋಳದ ಕುರುಕಲು ಇಡುತ್ತೇವೆ. ಅದರ ಅವಧಿ ಮುಗಿದಿರಬೇಕು, ಇವಳು ನೋಡಿಲ್ಲ ಎಂದು ಮೇಸ್ತ್ರಿಯೊಬ್ಬ ಓಡಿ ಬಂದ. ಮೇ ತಿಂಗಳ ತನಕ ಅವಧಿ ಇತ್ತು. ಅವನಿಗೆ ಬಹಳ ನಿರಾಸೆಯಾಯಿತು.

ಯಜಮಾನ ಬಂದ. ಅವನು ಕೂಗಾಡುವವನಲ್ಲ, ಕೂಗಾಡಿದ್ದರೆ ವಾಸಿ. ನನ್ನ ಮೇಜಿನ ಹತ್ತಿರ ನಿಂತು, ಪಿನ್-ರುಯ್ ಅಲ್ಲಿ ಇಲ್ಲವೇ ಇಲ್ಲವೆಂಬಂತೆ ನನ್ನನ್ನು ಮಾತ್ರ ನೋಡಿ ಹೇಳಿದ. ಇದು ಕುದುರೆ ವರ್ಷ, ಇವಳು ಇಲಿ ವರ್ಷದಲ್ಲಿ ಹುಟ್ಟಿದವಳು, ಎರಡಕ್ಕೂ ಆಗಿಬರುವುದಿಲ್ಲ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು, ಮೊದಲ ದಿನದ ಕೆಲಸಕ್ಕೆ ಇವಳ ಕೈ ಹಾಕಿಸಬಾರದಿತ್ತು ಎಂದ.

"ಕೈಗುಣ ಅನ್ನೋದು ಇರತ್ತೆ ಅಕ್ಕ. ನೀವು ನಂಬ್ತೀರೋ ಬಿಡ್ತೀರೋ, ಯಂತ್ರ ನಂಬತ್ತೆ," ಎಂದ.

ಪಿನ್-ರುಯ್ ತಲೆ ತಗ್ಗಿಸಿ ಕೀಲಿಮಣೆಯನ್ನೇ ನೋಡುತ್ತಿದ್ದಳು. ಮಣಿಕಟ್ಟಿಗೆ ಕಟ್ಟಿದ ಪಟ್ಟಿಯ ತುದಿಯನ್ನು ಎಡಗೈಯಿಂದ ಎಳೆಯುತ್ತಿದ್ದಳು. ನೋಡುತ್ತೇನೆ ಯಜಮಾನ್ರೇ, ಸ್ವಲ್ಪ ಹೊತ್ತು ಕೊಡಿ ಎಂದು ನಾನು ಅವನನ್ನು ಸಾಗಹಾಕಿದೆ.

ನೋಡುವುದೇನು ಬಂತು. ಸರ್ವರಿನ ದಾಖಲೆಯಲ್ಲಿ ಎಂಬತ್ತಾರು ಯಂತ್ರಗಳ ಹೆಸರಿನಲ್ಲೂ ಒಂದೇ ಸಾಲು ಇತ್ತು: ತಿರುವುಗಳು ಅತಿಯಾದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನಾನು ಮೊದಲು ತಿರುಗಿ ನೋಡಿದ್ದು ಪಿನ್-ರುಯ್ ಈ ಸಾಲನ್ನು ಓದಿದಳೇ ಎಂದು. ಅವಳು ಪ್ರಿಂಟರಿನ ಹತ್ತಿರ ಬೆನ್ನು ಹಾಕಿ ನಿಂತಿದ್ದಳು.

ಆಪರೇಟಿಂಗ್ ಸಿಸ್ಟಂನಲ್ಲಿ ದಾರಿ ಹುಡುಕಲೆಂದೇ ಒಂದು ಕರೆ ಇದೆ. ಯಾರು ಏನು ಬೇಕೆಂದರೂ ಮೊದಲು ಆ ಕರೆಯೇ ಹೋಗಬೇಕು. ಇಂಥ ಫೋಲ್ಡರ್, ಅದರೊಳಗೆ ಇಂಥದ್ದು, ಅದರೊಳಗೆ ಇಂಥದ್ದು ಎಂದು ದಾರಿ ಬರೆದುಕೊಟ್ಟರೆ ಅದು ಹೆಜ್ಜೆ ಹೆಜ್ಜೆಯಾಗಿ ಹೋಗಿ ಸಾಮಾನು ನಿಜವಾಗಿ ಎಲ್ಲಿದೆ ಎಂದು ಕಂಡುಹಿಡಿದು ಬರುತ್ತದೆ. ನಡುವೆ ಎಲ್ಲಾದರೂ ಲಿಂಕ್ ಸಿಕ್ಕಿತೆನ್ನಿ. ಲಿಂಕ್ ಎಂದರೆ ಮನೆ ಬದಲಾಯಿಸಿದವರು ಹಳೆಯ ಬಾಗಿಲಿಗೆ ಅಂಟಿಸಿ ಹೋದ ಚೀಟಿ: ಇಲ್ಲಿಲ್ಲ, ಅಲ್ಲಿ ಹೋಗಿ ಕೇಳು. ಕರೆ ಪಾಪ ಬೇಸರಪಡದೆ ಅಲ್ಲಿಗೆ ಹೋಗುತ್ತದೆ. ಅಲ್ಲೂ ಚೀಟಿ ಇದ್ದರೆ ಮತ್ತೊಂದು ಕಡೆ. ಹೀಗೆ ನಲವತ್ತು ಸಲ ತಿರುಗುತ್ತದೆ. ನಲವತ್ತೊಂದನೆಯದು ಬಂದರೆ, ಯಾರೋ ನನ್ನನ್ನು ಗಾಣದೆತ್ತಿನ ಹಾಗೆ ಸುತ್ತಿಸುತ್ತಿದ್ದಾರೆ ಎಂದು ತಿಳಿದು ಬರಿಗೈಯಲ್ಲಿ ವಾಪಸು ಬರುತ್ತದೆ. ಇನ್ನೊಂದೇ ಹೆಜ್ಜೆಯಲ್ಲಿ ಸಾಮಾನು ಇತ್ತೋ ಏನೋ, ಅದನ್ನು ನೋಡುವುದಿಲ್ಲ. ಅದಕ್ಕೂ ದಣಿವು ಅಂತ ಒಂದಿದೆ ಎಂದು ನನಗೆ ಹೇಳಿಕೊಟ್ಟವರು ತು ಮೇಷ್ಟ್ರು.

ತು ಮೇಷ್ಟ್ರು ಈ ಕಾರ್ಖಾನೆಗೆ ಮೊದಲ ಕಂಪ್ಯೂಟರ್ ತಂದವರು. ನನಗೆ ಕೆಲಸ ಕಲಿಸಿದವರು. ಒಂದು ಮಧ್ಯಾಹ್ನ, ಊಟದ ಡಬ್ಬಿ ಮುಚ್ಚುತ್ತ ಮುಚ್ಚುತ್ತ ಹೋಗಿಬಿಟ್ಟರು. ಆಗ ನನಗೆ ಇಪ್ಪತ್ತೇಳು. ನಮೂನೆಗಳೆಲ್ಲ ಅವರ ಹೆಸರಿನ ಫೋಲ್ಡರಿನಲ್ಲೇ ಇದ್ದವು. ಹೊಸ ವರ್ಷಕ್ಕೆ ಅವನ್ನೆಲ್ಲ ಹೊಸ ಜಾಗಕ್ಕೆ ಸಾಗಿಸೋಣವೇ ಎಂದು ಕೇಳಿದಾಗ, ಸತ್ತವರ ಸಾಮಾನನ್ನು ವರ್ಷ ತುಂಬುವ ಮುಂಚೆ ಕದಲಿಸಬಾರದು ಎಂದು ಹಿರಿಯ ಯಜಮಾನಿ ಹೇಳಿದರು. ಸರಿ, ಹೊಸ ವರ್ಷದ ಫೋಲ್ಡರ್ ತೆರೆದು ಅದರಲ್ಲಿ ಒಂದು ಚೀಟಿ ಅಂಟಿಸಿದೆ: ತು ಮೇಷ್ಟ್ರ ಹತ್ತಿರ ಹೋಗಿ ಕೇಳು.

ಮರುವರ್ಷ ಕದಲಿಸಬಹುದಿತ್ತು. ನನಗೆ ಮನಸ್ಸು ಬರಲಿಲ್ಲ. ದಿನಕ್ಕೊಮ್ಮೆ ಅವರ ಹೆಸರು ಪರದೆಯ ಮೇಲೆ ಬಂದು ಹೋದರೆ ಒಳಗೆ ಯಾರೋ ಇದ್ದಾರೆ ಎನಿಸುತ್ತಿತ್ತು. ಹಾಗಾಗಿ ಹೊಸ ವರ್ಷದಿಂದ ಹಳೆಯ ವರ್ಷಕ್ಕೆ ಇನ್ನೊಂದು ಚೀಟಿ. ಅದರ ಮರುವರ್ಷ ಇನ್ನೊಂದು. ಸಾಗಿಸುವುದಕ್ಕೆ ಒಂದು ದಿನ ಬೇಕು, ಚೀಟಿ ಅಂಟಿಸಲು ಅರ್ಧ ನಿಮಿಷ. ಹತ್ತನೇ ವರ್ಷದ ಹೊತ್ತಿಗೆ ದುಃಖವೂ ಇರಲಿಲ್ಲ, ಶಾಸ್ತ್ರವೂ ಇರಲಿಲ್ಲ, ಶುದ್ಧ ಸೋಮಾರಿತನ. ನಡುವೆ ಹನ್ನೊಂದು ಸಲ ಡಿಸ್ಕ್ ತುಂಬಿ ಹೊಸದು ತಂದೆವು. ಪ್ರತಿ ಸಲವೂ ಮೇಷ್ಟ್ರ ಫೋಲ್ಡರನ್ನು ಬಿಚ್ಚದೆ, ದೇವರ ಪಟ ಸಾಗಿಸಿದ ಹಾಗೆ ಇಡಿಯಾಗಿ ಎತ್ತಿಟ್ಟು, ಹಳೆಯ ಜಾಗದಲ್ಲಿ ಮತ್ತೊಂದು ಚೀಟಿ. ಹೊಸ ನಮೂನೆ ಬಂದರೂ ಇದೇ ದಾರಿಯಲ್ಲಿ ಸುತ್ತಿ ಸುತ್ತಿ ಹೋಗಿ ಕೊನೆಗೆ ಮೇಷ್ಟ್ರ ಮಡಿಲಿಗೇ ಬೀಳುತ್ತಿತ್ತು. ಅವರು ಕಣ್ಣಲ್ಲಿ ಕಾಣದ ಎಷ್ಟೋ ಸಾವಿರ ಕಾಲುಚೀಲ ಅವರ ಹೆಸರಿನಲ್ಲಿವೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಎಂಟು ವರ್ಷದ ಹಿಂದೆ ನಾನು ಕೂತು ಎಣಿಸಿದ್ದೆ. ವರ್ಷಕ್ಕೊಂದರಂತೆ ಹೋದರೆ ನಲವತ್ತು ದಾಟುವುದು ನಾನು ನಿವೃತ್ತಳಾದ ಮೇಲೆ. ನನ್ನ ನಂತರ ಬರುವವರ ಕಾಲಕ್ಕೆ. ಸದ್ಯ, ಬದುಕಿದೆ ಎಂದುಕೊಂಡು ಚಹಾ ಕುಡಿದೆ. ಎರಡು ವರ್ಷದ ಹಿಂದೆ ಡಿಸ್ಕ್ ಬದಲಾಯಿಸಿದಾಗ ಒಂದು ಹೆಚ್ಚು ಸೇರಿತಲ್ಲ, ಅದನ್ನು ಎಣಿಕೆಗೆ ಹಿಡಿಯಲು ಮರೆತೆ. ಕಳೆದ ವರ್ಷಕ್ಕೆ ಸರಿಯಾಗಿ ನಲವತ್ತಾಗಿತ್ತು. ಪಿನ್-ರುಯ್ ಆ ಬೆಳಿಗ್ಗೆ ಒಳ್ಳೆಯ ಗಳಿಗೆಯಲ್ಲಿ, ನಾನು ಹೇಳಿಕೊಟ್ಟ ಹಾಗೆಯೇ, ಒಂದಕ್ಷರ ತಪ್ಪದೆ ಅಂಟಿಸಿದ್ದು ನಲವತ್ತೊಂದನೆಯದು.

ಆಗಲೇ ಎದ್ದು ಹೋಗಿ ಹೇಳಬೇಕಿತ್ತು. ಕೂತೇ ಇದ್ದೆ. ಮೂವತ್ತು ವರ್ಷ ಇಲ್ಲಿ ಸು-ಲಿಯೆನ್ ಅಕ್ಕ ಎಂದರೆ ತಪ್ಪೇ ಮಾಡದವಳು. ಇನ್ನೈದು ತಿಂಗಳಿಗಾಗಿ ಆ ಹೆಸರನ್ನು ನೆಲಕ್ಕೆ ಹಾಕಲು ಮನಸ್ಸಾಗಲಿಲ್ಲ. ಎಣಿಸುತ್ತಿರುವಂತೆ, ಪರೀಕ್ಷಿಸುತ್ತಿರುವಂತೆ ನಟಿಸುತ್ತ ಹನ್ನೆರಡು ಗಂಟೆಯ ತನಕ ದೂಡಿದೆ.

ಹನ್ನೆರಡೂವರೆಗೆ ಎಂದಿನಂತೆ ಎಲ್ಲರೂ ಊಟ ಮುಗಿಸಿ ದೀಪ ಆರಿಸಿದರು. ಒಂದು ಗಂಟೆಯ ತನಕ ನಮ್ಮಲ್ಲಿ ನಿದ್ದೆಯ ಹೊತ್ತು. ಯಂತ್ರ ನಿಂತರೂ ಸರಿ, ಭೂಮಿ ನಡುಗಿದರೂ ಸರಿ, ಎಲ್ಲರೂ ಮೇಜಿನ ಮೇಲೆ ಚಿಕ್ಕ ದಿಂಬಿಟ್ಟು ತಲೆ ಹಾಕುತ್ತಾರೆ. ಪಿನ್-ರುಯ್ ಕೂಡ ತೋಳಿನ ಮೇಲೆ ಮುಖ ಇಟ್ಟಿದ್ದಳು. ನಾನು ಪರದೆಯ ಬೆಳಕು ತಗ್ಗಿಸಿ ಈ ವರ್ಷದ ಚೀಟಿ ತೆಗೆದು, ನಡುವಿನ ಒಂದು ವರ್ಷ ಹಾರಿಸಿ, ಅದರ ಹಿಂದಿನ ವರ್ಷಕ್ಕೆ ನೇರ ಅಂಟಿಸಿದೆ. ಮತ್ತೆ ನಲವತ್ತು. ಅರ್ಧ ನಿಮಿಷದ ಕೆಲಸ. ಆಮೇಲೆ ನಾನೂ ಕಣ್ಣು ಮುಚ್ಚಿದೆ, ನಿದ್ದೆ ಬರಲಿಲ್ಲ.

ಒಂದು ಗಂಟೆಗೆ ಸ್ವಿಚ್ ಒತ್ತಿದರು. ಎಂಬತ್ತಾರೂ ಓಡಿದವು. ಕೆಳಗೆ ಚಪ್ಪಾಳೆ ಕೇಳಿತು. ಯಜಮಾನ ಪೂಜೆಯ ಮೇಜಿನಿಂದ ಅನಾನಸೊಂದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದು ನನ್ನ ಮುಂದಿಟ್ಟ. ಅಕ್ಕ ಇಲ್ಲದಿದ್ದರೆ ಈ ವರ್ಷ ಮುಳುಗಿಹೋಗುತ್ತಿತ್ತು ಎಂದ. ಏನಾಗಿತ್ತು ಎಂದು ಕೇಳಲಿಲ್ಲ, ಅವನಿಗೆ ಆಗಲೇ ಗೊತ್ತಿತ್ತಲ್ಲ. ಪಿನ್-ರುಯ್ ಕಡೆ ತಿರುಗಿ, ಬೇಜಾರು ಮಾಡಿಕೊಳ್ಳಬೇಡ, ನಿನ್ನ ಮೇಲೆ ನನಗೇನೂ ಕೋಪವಿಲ್ಲ, ನಾಳೆಯಿಂದ ಕೆಳಗೆ ಹೊಲಿಗೆ ಸಾಲಿಗೆ ಬಾ ಎಂದ. ಅವಳು ಆಗಲಿ ಎಂದಳು. ನಾನು ಅನಾನಸನ್ನು ನೋಡುತ್ತ ಕೂತಿದ್ದೆ.

ಅವನು ಇಳಿದು ಹೋದ ಮೇಲೆ ಅವಳು ತನ್ನ ಡಬ್ಬಿ, ನೀರಿನ ಬಾಟಲಿ, ಬೆನ್ನಿಗಿಡುವ ದಿಂಬು ಚೀಲಕ್ಕೆ ತುಂಬತೊಡಗಿದಳು. ಹರಿದು ಹಾಕಬೇಕಾದ ಕಾಗದಗಳನ್ನು ಒಂದು ಕಡೆ ಸೇರಿಸಿಟ್ಟಿದ್ದಳು. ಅವಳ ಕೈಗೆ ತ್ರಾಸ ಬೇಡ, ನಾನೇ ಹರಿಯುತ್ತೇನೆ ಎಂದು ಎತ್ತಿಕೊಂಡೆ. ಮೇಲಿದ್ದ ಹಾಳೆಯ ಮೂಲೆಯಲ್ಲಿ ಸಮಯ ಮುದ್ರಣವಾಗಿತ್ತು: ಬೆಳಿಗ್ಗೆ ಒಂಬತ್ತು ನಲವತ್ತು.

ದಾರಿ ಕೊಟ್ಟರೆ ಹುಡುಕುವ ಕರೆ ಎಲ್ಲೆಲ್ಲಿ ತಿರುಗಿತು ಎಂದು ಸಾಲು ಸಾಲಾಗಿ ಬರೆದು ತೋರಿಸುವ ಒಂದು ಆಜ್ಞೆ ಇದೆ. ಪ್ರತಿ ಚೀಟಿಯ ಮುಂದೆ ಅದನ್ನು ಅಂಟಿಸಿದವರ ಹೆಸರೂ ಬರುತ್ತದೆ. ಆ ಹಾಳೆಯಲ್ಲಿ ನಲವತ್ತೊಂದು ಸಾಲಿದ್ದವು. ಮೊದಲನೆಯದರ ಮುಂದೆ ಪಿನ್-ರುಯ್. ಆಮೇಲೆ ಸು-ಲಿಯೆನ್, ಸು-ಲಿಯೆನ್, ಸು-ಲಿಯೆನ್, ಹಾಳೆಯ ಕೆಳತುದಿಯ ತನಕ ನನ್ನದೇ ಹೆಸರು. ಅವಳು ಪಕ್ಕದಲ್ಲಿ ಪೆನ್ಸಿಲಿನಿಂದ ಐದೈದಕ್ಕೊಂದು ಗೀಟು ಹಾಕಿ ಎಣಿಸಿದ್ದಳು. ನನಗೆ ಮುಖ ಎತ್ತಲು ನಾಚಿಕೆಯಾಯಿತು. ಯಜಮಾನ ಬಂದು ನಾಳೆಯಿಂದ ಹೊಲಿಗೆ ಸಾಲಿಗೆ ಬಾ ಎನ್ನುತ್ತಿದ್ದಾಗ ಈ ಹಾಳೆ ಅವಳ ಮೇಜಿನ ಮೇಲೆ, ಅವನ ಕೈಗೆಟುಕುವ ದೂರದಲ್ಲಿ ಇತ್ತು.

"ನಿನಗೆ ಗೊತ್ತಿತ್ತಾ?" ಎಂದೆ.

ಅವಳು ಚೀಲದ ಜಿಪ್ ಎಳೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು ಅಕ್ಕ."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಇನ್ನೈದು ತಿಂಗಳಿಗೆ ಹೊರಟೋರು ನೀವು. ಹೋಗೋ ಹೊತ್ತಲ್ಲಿ ಯಾಕೆ ನಿಮ್ಮ ಹೆಸರು ಕೆಡಿಸೋದು. ಹಿರಿಯರು ಇಟ್ಟದ್ದನ್ನ ಕದಲಿಸಬಾರದು ಅಂತ ನೀವೇ ಹೇಳಿಕೊಟ್ರಲ್ಲ." ಜಿಪ್ ಅರ್ಧಕ್ಕೆ ಸಿಕ್ಕಿಕೊಂಡಿತು, ಬಲಗೈಗೆ ಶಕ್ತಿ ಸಾಲಲಿಲ್ಲ, ಎಡಗೈಯಿಂದ ಎಳೆದಳು. "ಹೊಲಿಗೆ ಸಾಲು ನನಗೇನು ಹೊಸದಲ್ಲ ಬಿಡಿ."

ನನಗೆ ಸಿಟ್ಟು ಬಂತು. ಅವಳ ಮೇಲೆ, ಆಮೇಲೆ ನನ್ನ ಮೇಲೆ, ಆಮೇಲೆ ಮಡಿಯುಟ್ಟ ಹಾಗೆ ಮೂವತ್ತು ವರ್ಷ ಸರ್ವರಿನಲ್ಲಿ ಕೂತಿದ್ದ ಆ ಮೇಷ್ಟ್ರ ಮೇಲೆ ಕೂಡ. ನನ್ನ ತಪ್ಪು ನನ್ನ ಜೊತೆಗೇ ಮುಗಿಯುತ್ತದೆ ಎಂದುಕೊಂಡಿದ್ದೆನಲ್ಲ. ಇವಳು ಅದಕ್ಕೆ ತನ್ನ ಕೈಯನ್ನೇ ಕೊಟ್ಟು ನಲವತ್ತೆರಡನೇ ಚೀಟಿ ಅಂಟಿಸುತ್ತಿದ್ದಳು. ಚೀಲ ಇಡು, ಎಲ್ಲಿಗೂ ಹೋಗಬೇಡ ಎಂದು ಗದರಿ, ಹಾಳೆ ಹಿಡಿದು ಮೆಟ್ಟಿಲಿಳಿದೆ. ಮಂಡಿ ಪ್ರತಿ ಮೆಟ್ಟಿಲಿಗೂ ಕಟ್ ಎನ್ನುತ್ತಿತ್ತು.

ಯಜಮಾನನ ಕೋಣೆಯಲ್ಲಿ ಹಿರಿಯ ಯಜಮಾನಿ ಚಹಾ ಸೋಸುತ್ತಿದ್ದರು. ಮಗ ಎದುರಿಗೆ ಕೂತು ಕಲ್ಲಂಗಡಿ ಬೀಜ ಬಿಡಿಸುತ್ತಿದ್ದ. ಹಾಳೆಯನ್ನು ಚಹಾ ತಟ್ಟೆಯ ಪಕ್ಕದಲ್ಲಿಟ್ಟು ಎಲ್ಲವನ್ನೂ ಹೇಳಿದೆ. ಬಾಗಿಲಿಗಂಟಿಸಿದ ಚೀಟಿ, ನಲವತ್ತು ತಿರುವು, ನಿದ್ದೆಯ ಹೊತ್ತಿನಲ್ಲಿ ಮಾಡಿದ ಕಳ್ಳ ಕೆಲಸ. ಎಂಟು ವರ್ಷದ ಹಿಂದೆ ಎಣಿಸಿ ಸುಮ್ಮನಾದದ್ದನ್ನೂ ಬಿಡಲಿಲ್ಲ. ಯಜಮಾನ ಹಾಳೆಯನ್ನು ಮೇಲೆ ಕೆಳಗೆ ನೋಡಿದ. ಅವನಿಗೆ ಅರ್ಥವಾಗಿರಲಿಲ್ಲ. ಮುದುಕಿಗೆ ಆಗಿತ್ತು.

"ನಾನು ಹೇಳಿದ್ದು ಒಂದು ವರ್ಷ ಕಣೇ," ಎಂದರು ಅವರು. "ಮೂವತ್ತು ವರ್ಷ ಅಂತ ನಿನಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ ಎಂದೆ.

ಯಜಮಾನ ಗಂಟಲು ಸರಿಮಾಡಿಕೊಂಡು, ಆದದ್ದು ಆಯಿತು, ಯಂತ್ರ ಓಡುತ್ತಿದೆಯಲ್ಲ, ಈಗ ಇದನ್ನೆಲ್ಲ ಎತ್ತಿ ಆಡುವುದು ಬೇಡ, ಕೆಳಗೆ ಎಲ್ಲರ ಮುಂದೆ ಅವಳ ವಿಷಯ ಹೇಳಿಬಿಟ್ಟಿದ್ದೇನೆ, ವಾಪಸು ಹೇಗೆ ತಗೊಳ್ಳಲಿ ಎಂದು ರಾಗ ಎಳೆದ. ಅವನ ಮುಖ ಉಳಿಯಬೇಕಾದರೆ ಅವಳ ಕೈ ಹೋಗಬೇಕು. ಇದೇ ಲೆಕ್ಕವನ್ನು ಬೆಳಿಗ್ಗೆಯಿಂದ ನಾನೂ ಹಾಕುತ್ತಿದ್ದೆ, ಅವನನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ. ಮುದುಕಿ ಲೋಟ ಕೆಳಗಿಟ್ಟರು.

"ಸತ್ತವನ ಹತ್ರ ಮೂವತ್ತು ವರ್ಷ ದುಡಿಸ್ಕೊಂಡ್ವಿ, ಅದಕ್ಕೇ ಯಂತ್ರ ನಿಂತದ್ದು. ಇಲಿಯೂ ಇಲ್ಲ, ಕುದುರೆಯೂ ಇಲ್ಲ. ಹೋಗಿ ಹೇಳು."

ಅವನು ಹೋಗಲಿಲ್ಲ. ನಾನು ಹೋದೆ. ಕೆಳಗೆ ಪಾಳಿಯ ಸೂಚನೆ ಹೇಳಲು ಒಂದು ಮೈಕ್ ಇದೆ. ಅದನ್ನು ಹಿಡಿದು, ಬೆಳಿಗ್ಗೆ ಯಂತ್ರ ನಿಂತದ್ದು ನನ್ನಿಂದ, ಪಿನ್-ರುಯ್ ಕೈಯಿಂದಲ್ಲ, ಅವಳು ಮಾಡಿದ್ದು ಸರಿಯಾಗಿತ್ತು, ನಾನು ಹೇಳಿಕೊಟ್ಟದ್ದು ತಪ್ಪು ಎಂದು ಎರಡು ಸಲ ಹೇಳಿದೆ. ಯಂತ್ರಗಳ ಸದ್ದಿನಲ್ಲಿ ಮೊದಲನೇ ಸಲ ಯಾರಿಗೂ ಕೇಳಿರಲಿಲ್ಲ. ಹೊಲಿಗೆ ಸಾಲಿನ ಹೆಂಗಸರು ತಲೆ ಎತ್ತಿ ನೋಡಿ ಮತ್ತೆ ಸೂಜಿಗಳ ಕಡೆ ಬಗ್ಗಿದರು. ಅವರಲ್ಲೊಬ್ಬಳು ಮಾತ್ರ, ಹಾಗಾದರೆ ಆ ಅನಾನಸು ವಾಪಸು ಕೊಡಿ ಅಕ್ಕ ಎಂದಳು. ಎಲ್ಲರೂ ನಕ್ಕರು. ಅಷ್ಟು ಹೊತ್ತಿಗೆ ಯಜಮಾನ ಬಾಗಿಲಲ್ಲಿ ಬಂದು ನಿಂತಿದ್ದ. ನಾಳೆ ಆ ಸಾಲಿಗೆ ಬೇರೆಯವರನ್ನು ನೋಡು ಎಂದು ಮೇಸ್ತ್ರಿಗೆ ಹೇಳಿದ. ತಪ್ಪಾಯಿತು ಎಂದು ಹೇಳುವುದು ಅವನ ಕೈಲಾಗದು, ಅವನ ಅಪ್ಪನ ಕೈಲೂ ಆಗುತ್ತಿರಲಿಲ್ಲ.

ಐದಕ್ಕೆ ಪಾಳಿ ಮುಗಿದು ಯಂತ್ರಗಳನ್ನು ನಿಲ್ಲಿಸಿದ ಮೇಲೆ ಹಿರಿಯ ಯಜಮಾನಿ ಮೂರು ಊದುಬತ್ತಿ ಮತ್ತು ಅಪ್ಪಣೆ ಕೇಳುವ ಎರಡು ಮರದ ತುಂಡುಗಳನ್ನು ಹಿಡಿದು ಸರ್ವರಿನ ಹತ್ತಿರ ಬಂದರು. ಚಂದ್ರನ ಹೋಳಿನಂಥ ತುಂಡುಗಳು. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ಹೂಂ ಎಂದರ್ಥ. ತು ಅವರೇ, ನಿಮ್ಮ ಸಾಮಾನು ಸಾಗಿಸುತ್ತಿದ್ದೇವೆ, ಸಾಕು, ಇನ್ನು ವಿಶ್ರಾಂತಿ ತಗೊಳ್ಳಿ ಎಂದು ಹೇಳಿ ನೆಲಕ್ಕೆ ಹಾಕಿದರು. ಎರಡೂ ಅಂಗಾತ. ಮತ್ತೆ ಹಾಕಿದರು. ಎರಡೂ ಮಗುಚು. ಮೇಷ್ಟ್ರು ಬದುಕಿದ್ದಾಗಲೂ ಯಾವ ಕೆಲಸಕ್ಕೂ ಒಂದೇ ಮಾತಿಗೆ ಒಪ್ಪಿದವರಲ್ಲ. ಮೂರನೇ ಸಲಕ್ಕೆ ಹೂಂ ಅಂದರು. ಹೊಗೆ ಒಳಗೆ ಹೋದೀತೆಂದು ನಾನು ಊದುಬತ್ತಿಯನ್ನು ಕಿಟಕಿಯ ಹತ್ತಿರ ಸರಿಸಿದೆ.

ಕೀಲಿಮಣೆಯ ಮುಂದೆ ಪಿನ್-ರುಯ್‌ಳನ್ನು ಕೂರಿಸಿದೆ. ನಾನು ಹಿಂದೆ ನಿಂತೆ. ಹೊಸ ಫೋಲ್ಡರ್ ಮಾಡು, ಮೇಷ್ಟ್ರ ಹತ್ತಿರ ಇರುವುದನ್ನೆಲ್ಲ ಅದಕ್ಕೆ ಸಾಗಿಸು, ಯಂತ್ರಗಳಿಗೆ ನೇರವಾಗಿ ಆ ದಾರಿಯನ್ನೇ ಕೊಡು, ಚೀಟಿಗಳನ್ನೆಲ್ಲ ಕಿತ್ತುಹಾಕು ಎಂದೆ. ಬಲಗೈ ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ನಿಧಾನವಾಗಿ ಒತ್ತಿದಳು. ಹೊಸ ಫೋಲ್ಡರಿಗೆ ಹೆಸರು ಕೇಳಿತು. ಅವಳು ಯೋಚಿಸಲೂ ಇಲ್ಲ, ಬರೆದುಬಿಟ್ಟಳು: ಸು-ಲಿಯೆನ್.

ಪರದೆಯ ಮೇಲೆ ನನ್ನ ಹೆಸರು ಮಿಣುಗುತ್ತಿತ್ತು. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಹಿತವಾಯಿತು. ಇನ್ನೈದು ತಿಂಗಳಲ್ಲಿ ಮನೆಯಲ್ಲಿ ಕೂತು ಬೀನ್ಸ್ ಬಿಡಿಸುವ ಹೆಂಗಸು ನಾನು. ಇಲ್ಲಿ ದಿನವೂ ಎಂಬತ್ತಾರು ಯಂತ್ರಗಳು ಎದ್ದು ನನ್ನ ಹೆಸರು ಹಿಡಿದು ಕೇಳುತ್ತವೆ, ಇದೂ ಒಂದು ಭಾಗ್ಯ ಅನಿಸಿತು. ಆಮೇಲೆ ಮೂವತ್ತು ವರ್ಷ ಕಳೆದು ಈ ಕುರ್ಚಿಯಲ್ಲಿ ಕೂತಿರುವ ಯಾವಳೋ ಒಬ್ಬಳು, ಅಕ್ಕನ ಸಾಮಾನು ಹೇಗೆ ಕದಲಿಸುವುದು ಎಂದು ಅರ್ಧ ನಿಮಿಷ ಯೋಚಿಸಿ, ಒಂದು ಚೀಟಿ ಅಂಟಿಸಿ, ಚಹಾ ಕುಡಿಯಲು ಎದ್ದು ಹೋಗುವುದು ಕಣ್ಣಿಗೆ ಕಟ್ಟಿತು.

"ಅಳಿಸು ಅದನ್ನ," ಎಂದೆ.

"ಯಾಕಕ್ಕ? ನಿಮ್ಮ ನೆನಪಿಗೆ ಇರಲಿ ಅಂತ."

"ನೆನಪಿದ್ರೆ ಮನೆಗೆ ಬಂದು ಊಟ ಮಾಡ್ಕೊಂಡು ಹೋಗು. ನಾನು ಹೋದ ಮೇಲೆ ಕಾಲುಚೀಲ ಹುಡುಕೋರು ಯಾರೂ ನನ್ನನ್ನ ಹಾದು ಹೋಗಬಾರದು ಕಣೇ."

ಅವಳು ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಒಂದೊಂದೇ ಅಕ್ಷರವಾಗಿ ನನ್ನ ಹೆಸರನ್ನು ಅಳಿಸಿ, ಕಾಲುಚೀಲ ಎಂದು ಬರೆದಳು. ಸಾಗಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅನಾನಸು ಹೆಚ್ಚಿ ಇಬ್ಬರೂ ತಿಂದೆವು, ಸ್ವಲ್ಪ ಹುಳಿಯಿತ್ತು. ಮೇಷ್ಟ್ರ ಫೋಲ್ಡರ್ ಖಾಲಿಯಾದಾಗ ಅದನ್ನು ತೆಗೆಯಲೇ ಎಂದು ಕೇಳಿದಳು. ತೆಗೆ ಎಂದೆ. ಒತ್ತುವ ಗುಂಡಿ ಅವಳದು, ಕಣ್ಣು ಒರೆಸಿಕೊಂಡವಳು ನಾನು.

ಕೊನೆಗೆ ಹುಡುಕುವ ಕರೆಯನ್ನು ಒಮ್ಮೆ ಕಳಿಸಿ ನೋಡು ಎಂದೆ. ಅವಳು ಕಳಿಸಿದಳು. ಒಂದೇ ಸಾಲು ಬಂತು, ಅದರಲ್ಲಿ ಯಾರ ಹೆಸರೂ ಇರಲಿಲ್ಲ.